ಗುಂಡು ಸಿಕ್ಕಿತು ಸರಿ, ಎಲ್ಲಿ ಸಿಕ್ಕಿತು?

ಪ್ರಶ್ನೆ: ಇತಿಹಾಸ ನನ್ನ ಅಚ್ಚುಮೆಚ್ಚಿನ ವಿಷಯ. ಸುಮಾರು ಎರಡು ಶತಮಾನಗಳ ಹಿಂದೆ ಯುದ್ಧ ನಡೆದ ಬಯಲಿಗೆ ಸೇರಿದ ಒಂದು ಹೊಲದಲ್ಲಿ ಹುಡುಕಲು ಅದರ ಮಾಲೀಕರು ಬರಹದಲ್ಲಿಯೇ ಒಪ್ಪಿಗೆ ಕೊಟ್ಟಿದ್ದಾರೆ. ನನ್ನಲ್ಲಿರುವುದು ಸಾಧಾರಣ ಲೋಹಶೋಧಕ. ಎರಡು ದಿನ ತಿರುಗಿದರೂ ಸಿಕ್ಕಿದ್ದು ರಾಶಿ ಮೊಳೆ, ಡಬ್ಬಿಗಳ ಮುಚ್ಚಳ ಮತ್ತು ಮೂರು ಸೀಸದ ಗುಂಡು. ಹೆಚ್ಚು ಆಳ ನೋಡುವ ದುಬಾರಿ ಯಂತ್ರ ಕೊಳ್ಳಲೇ? ತಲೆ ಚಿಟ್ಟು ಹಿಡಿಸುವ ಕಬ್ಬಿಣದ ಸದ್ದನ್ನು ಪೂರ್ತಿ ನಿಲ್ಲಿಸಬಹುದೇ? ಗುಂಡುಗಳ ಮೇಲಿನ ಬಿಳಿ ಪದರವನ್ನು ತೆಗೆಯುವುದು ಹೇಗೆ?

ಉತ್ತರ: ಕೊಳ್ಳಬೇಡಿ, ನಿಲ್ಲಿಸಬೇಡಿ, ತೆಗೆಯಬೇಡಿ. ಕಾರಣಗಳನ್ನು ಒಂದೊಂದಾಗಿ ಹೇಳುತ್ತೇನೆ. ಅದಕ್ಕೆ ಮೊದಲು ನಾನೇ ನಿಮ್ಮನ್ನು ಒಂದು ಮಾತು ಕೇಳಬೇಕು: ಆ ಮೂರು ಗುಂಡುಗಳು ಹೊಲದಲ್ಲಿ ಎಲ್ಲೆಲ್ಲಿ ಇದ್ದವು? ಒಂದೇ ಕಡೆ ಇದ್ದವೇ, ದೂರ ದೂರ ಇದ್ದವೇ? ಏರಿನಲ್ಲೇ, ತಗ್ಗಿನಲ್ಲೇ? ನಿಮ್ಮ ಪತ್ರದಲ್ಲಿ ಯಂತ್ರದ ವಿವರವಿದೆ, ಮಣ್ಣಿನ ಬಣ್ಣವಿದೆ, ಗುಂಡುಗಳ ಚೆಂದದ ವರ್ಣನೆಯೂ ಇದೆ. ಇದೊಂದು ಮಾತ್ರ ಇಲ್ಲ.

ಹಲವು ವರ್ಷಗಳ ಹಿಂದೆ ನಾವು ಒಂದು ರಣಭೂಮಿಯ ಸಮೀಕ್ಷೆ ಆರಂಭಿಸಿದ ದಿನವೇ ಹಿರಿಯರೊಬ್ಬರು ತಗಡಿನ ಡಬ್ಬಿಯೊಂದನ್ನು ತಂದು ನಮ್ಮ ಮುಂದಿಟ್ಟರು. ಮುಚ್ಚಳ ತೆಗೆದರೆ ಬೆಳ್ಳಗಿನ ಸೀಸದ ಗುಂಡುಗಳು, ನೂರಾರು. ಅದೇ ಬಯಲಿನಲ್ಲಿ ಜೀವಮಾನವಿಡೀ ನಡೆದು ಅವರು ಆರಿಸಿದ್ದವು. ಪ್ರೀತಿಯಿಂದ ತಂದಿದ್ದರು, ನಮಗೇ ಕೊಟ್ಟುಬಿಡಲು ಸಿದ್ಧರಿದ್ದರು. ಯಾವ ಗುಂಡು ಯಾವ ಹೊಲದ್ದು ಎಂದು ಕೇಳಿದಾಗ ಅವರು ಬಹಳ ಹೊತ್ತು ಡಬ್ಬಿಯನ್ನೇ ನೋಡುತ್ತಾ ಕುಳಿತರು. ಮುಂದಿನ ವಾರಗಳಲ್ಲಿ ನಾವು ಆ ಬಯಲನ್ನು ಅಂಗುಲ ಅಂಗುಲವಾಗಿ ಅಳೆದೆವು. ನಕ್ಷೆಯ ಮೇಲೆ ಗುರುತಿಸಲು ಸಿಕ್ಕಿದ್ದು ಕೈಬೆರಳಲ್ಲಿ ಎಣಿಸುವಷ್ಟು ಗುಂಡು. ಎರಡು ಸೈನ್ಯಗಳು ಎಲ್ಲಿ ಎದುರಾದವು ಎಂಬ ಉತ್ತರ ಆ ಡಬ್ಬಿಯಲ್ಲಿ ಒಂದು ಕಾಲಕ್ಕೆ ಇತ್ತು. ಗುಂಡುಗಳು ಒಂದರ ಮೇಲೊಂದು ಬಿದ್ದು ಬೆರೆತ ಗಳಿಗೆಯಲ್ಲಿ ಅದು ಅಳಿಸಿಹೋಯಿತು. ಇದನ್ನು ನೆನೆದಾಗಲೆಲ್ಲ ನನಗೆ ಇಂದಿಗೂ ಸಂಕಟವಾಗುತ್ತದೆ. ನಿಮ್ಮ ಪತ್ರಕ್ಕೆ ಇಷ್ಟು ದೀರ್ಘವಾಗಿ ಬರೆಯುತ್ತಿರುವುದೂ ಅದಕ್ಕಾಗಿಯೇ.

ಜಾಗ ಎಂದರೆ ಏನೆಲ್ಲ ಹೇಳಬಲ್ಲದು ಎಂಬುದಕ್ಕೆ ಅಮೆರಿಕದ ಮೊಂಟಾನಾದ ಲಿಟಲ್ ಬಿಗ್‌ಹಾರ್ನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1876ರ ಜೂನ್ 25ರಂದು ಅಲ್ಲಿ ಅಮೆರಿಕ ಸೈನ್ಯದ ಅಧಿಕಾರಿ ಕಸ್ಟರ್ ಮತ್ತು ಅವನೊಂದಿಗಿದ್ದ ಸುಮಾರು 210 ಮಂದಿ, ಆ ನಾಡಿನ ಮೂಲನಿವಾಸಿಗಳಾದ ಲಕೋಟ, ಷೆಯೆನ್ ಯೋಧರ ಎದುರು ಸತ್ತರು. ಆ ತುಕಡಿಯ ಕೊನೆಯನ್ನು ಕಂಡು ಹೇಳಲು ಸೈನ್ಯದ ಕಡೆಯವರು ಒಬ್ಬರೂ ಉಳಿಯಲಿಲ್ಲ. ಹಾಗಾಗಿ ಗುಡ್ಡದ ಮೇಲೆ ಕೊನೆಯ ಉಸಿರಿನವರೆಗೆ ಶಿಸ್ತಿನಿಂದ ಕಾದಾಡಿದ ವೀರರ ಚಿತ್ರವೇ ಜನಮನದಲ್ಲಿ ನಿಂತಿತು. 1983ರಲ್ಲಿ ಕಾಡ್ಗಿಚ್ಚು ಆ ಬಯಲಿನ ಒಣಹುಲ್ಲನ್ನೆಲ್ಲ ಸುಟ್ಟು ನೆಲವನ್ನು ಬೆತ್ತಲಾಗಿಸಿತು. ಮರುವರ್ಷ ಮತ್ತು ಅದರ ಮರುವರ್ಷ ಡಗ್ಲಸ್ ಸ್ಕಾಟ್, ರಿಚರ್ಡ್ ಫಾಕ್ಸ್ ಎಂಬ ಪುರಾತತ್ತ್ವಜ್ಞರು ಲೋಹಶೋಧಕ ಹಿಡಿದ ಸ್ವಯಂಸೇವಕರನ್ನು ಸಾಲಾಗಿ ನಿಲ್ಲಿಸಿ ನಡೆಸಿದರು. ಸದ್ದು ಬಂದಲ್ಲಿ ಶೋಧಕ ಹಿಡಿದವರು ಅಗೆಯುವಂತಿಲ್ಲ, ಬಾವುಟ ನೆಟ್ಟು ಮುಂದೆ ಹೋಗಬೇಕು. ಹಿಂದಿನಿಂದ ಬಂದ ತಂಡ ಮಣ್ಣನ್ನು ಬಿಡಿಸಿ ವಸ್ತುವನ್ನು ಅಲುಗಿಸದೆ ತೋರಿಸುತ್ತಿತ್ತು. ಅದರ ಹಿಂದಿನ ತಂಡ ಅಳತೆ ಮಾಡಿ, ಸಂಖ್ಯೆ ಕೊಟ್ಟು, ಆಮೇಲೆ ಎತ್ತಿಕೊಳ್ಳುತ್ತಿತ್ತು.

ಸಿಕ್ಕವುಗಳಲ್ಲಿ ಖಾಲಿ ತೋಟಾಗಳದ್ದೇ ದೊಡ್ಡ ಪಾಲು. ಗುಂಡು ಹಾರಿಸುವಾಗ ತೋಟಾದ ತಳಕ್ಕೆ ಬಡಿಯುವ ಸೂಜಿ ಒಂದೊಂದು ಕೋವಿಯಲ್ಲೂ ಒಂದೊಂದು ಬಗೆಯ ಗುರುತು ಬಿಡುತ್ತದೆ, ಬೆರಳಚ್ಚಿನಂತೆ. ಅಪರಾಧ ಪ್ರಯೋಗಾಲಯದ ಸೂಕ್ಷ್ಮದರ್ಶಕದ ಕೆಳಗೆ ಆ ಗುರುತುಗಳನ್ನು ಹೋಲಿಸಿದಾಗ, ಇಲ್ಲಿ ಹಾರಿದ ಕೋವಿಯೇ ಅಲ್ಲಿಯೂ ಹಾರಿದೆ ಎಂದು ತಿಳಿಯಿತು. ನೂರು ವರ್ಷ ಕಳೆದ ಮೇಲೆ, ಹೆಸರು ಗೊತ್ತಿಲ್ಲದ ಒಬ್ಬ ಮನುಷ್ಯ ಆ ಮಧ್ಯಾಹ್ನ ಯಾವ ದಿಬ್ಬದಿಂದ ಯಾವ ದಿಬ್ಬಕ್ಕೆ ಸರಿದ ಎಂಬುದನ್ನು ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಬಹುದಾಯಿತು! ಯೋಧರ ಬಳಿ 40ಕ್ಕೂ ಹೆಚ್ಚು ಬಗೆಯ ಬಂದೂಕುಗಳಿದ್ದವು, ಅವುಗಳಲ್ಲಿ ಒಂದರ ಹಿಂದೊಂದು ಬೇಗ ಬೇಗ ಹಾರಿಸಬಲ್ಲವೂ ಇದ್ದವು ಎಂಬುದು ಗೊತ್ತಾಯಿತು. ಸೈನಿಕರ ಸಾಲು ಮುರಿದು ಗುಂಪುಗೂಡಿದ್ದೂ ಕಂಡಿತು. ಲಕೋಟ, ಷೆಯೆನ್ ಹಿರಿಯರು ಇದನ್ನೇ ದಶಕಗಳಿಂದ ಹೇಳುತ್ತಾ ಬಂದಿದ್ದರು, ಕೇಳಿಸಿಕೊಂಡವರು ಕಡಿಮೆ. ಅವರ ಮಾತಿಗೆ ನೆಲವೇ ಸಾಕ್ಷಿ ನುಡಿಯಿತು. ಆ ತೋಟಾಗಳನ್ನು ಯಾರಾದರೂ ಒಂದು ಚೀಲಕ್ಕೆ ತುಂಬಿಕೊಂಡು ಹೋಗಿದ್ದರೆ ಅವು ಬರೀ ಹಿತ್ತಾಳೆ, ತಾಮ್ರದ ಚೂರುಗಳಾಗಿ ಉಳಿಯುತ್ತಿದ್ದವು.

ಇಂಗ್ಲೆಂಡಿನ ಬಾಸ್‌ವರ್ತ್‌ನಲ್ಲಿ ರಣರಂಗವೇ ಎದ್ದು ಬೇರೆ ಕಡೆಗೆ ಹೋಯಿತು. 1485ರ ಆಗಸ್ಟ್ 22ರಂದು ಯುದ್ಧದಲ್ಲಿ ದೊರೆ ಮೂರನೆಯ ರಿಚರ್ಡ್ ಸತ್ತುಬಿದ್ದದ್ದು ಆಂಬಿಯನ್ ಗುಡ್ಡದಲ್ಲಿ ಎಂದು ನಂಬಿ ಅಲ್ಲಿ ಪ್ರವಾಸಿ ಕೇಂದ್ರವನ್ನೇ ಕಟ್ಟಲಾಗಿತ್ತು. ಗ್ಲೆನ್ ಫೋರ್ಡ್ ನೇತೃತ್ವದ ತಂಡ ವರ್ಷಗಟ್ಟಲೆ ಸುತ್ತಲಿನ ಹೊಲಗಳನ್ನು ಶೋಧಕದಿಂದ ಜಾಲಾಡಿತು. ಗುಡ್ಡದಿಂದ ಸುಮಾರು 3 ಕಿಲೋಮೀಟರ್ ಆಚೆ, 2009ರಲ್ಲಿ, ಮೊದಲ ಸೀಸದ ಫಿರಂಗಿ ಗುಂಡು ಕೈಗೆ ಬಂತು. ನಂತರ ಅಂಥವು 30ಕ್ಕೂ ಹೆಚ್ಚು ದೊರೆತವು. ಹಿಂದೊಮ್ಮೆ ಜೌಗಾಗಿದ್ದ ನೆಲದ ಅಂಚಿನಲ್ಲಿ, ಹೆಬ್ಬೆರಳಿನಷ್ಟು ಪುಟ್ಟದಾದ, ಬೆಳ್ಳಿಗೆ ಚಿನ್ನದ ಲೇಪವಿದ್ದ ಕಾಡುಹಂದಿಯ ಲಾಂಛನವೊಂದು ಸಿಕ್ಕಿತು. ಕಾಡುಹಂದಿ ರಿಚರ್ಡ್‌ನ ಗುರುತು. ಅವನ ಆಪ್ತರಲ್ಲಿ ಯಾರೋ ಅದನ್ನು ಧರಿಸಿ ಅಲ್ಲಿಯವರೆಗೆ ಬಂದಿದ್ದರು. ಆ ಲಾಂಛನ ಹರಾಜಿನ ಅಂಗಡಿಯಲ್ಲಿ ಕಾಣಿಸಿಕೊಂಡಿದ್ದರೆ ಅದೊಂದು ಸುಂದರ ಒಡವೆ ಅಷ್ಟೇ. ಜೌಗಿನ ಅಂಚಿನಲ್ಲಿ ಸಿಕ್ಕಿದ್ದರಿಂದ ಯುದ್ಧ ಅಲ್ಲಿಯವರೆಗೆ ಬಂದಿತ್ತು ಎಂಬುದಕ್ಕೆ ಸಾಕ್ಷಿಯಾಯಿತು.

ನಿಮ್ಮ ಹೊಲಕ್ಕೆ ಬರೋಣ. ಸೀಸದ ಗುಂಡುಗಳಲ್ಲಿ ಎರಡು ಜಾತಿ: ಹಾರಿದವು ಮತ್ತು ಕೈಜಾರಿದವು. ಕೈಜಾರಿದ್ದು ಪೂರ್ಣ ಗೋಲ. ಅಚ್ಚಿನ ಎರಡು ಹೋಳು ಕೂಡಿದ ಗೆರೆಯೂ ಸೀಸ ಸುರಿದ ಬಾಯಿಯನ್ನು ಕತ್ತರಿಸಿದ ಗುರುತೂ ಅದರ ಮೇಲೆ ಸ್ಪಷ್ಟವಾಗಿರುತ್ತವೆ. ಹಾರಿದ್ದಕ್ಕೆ ನಳಿಗೆಯೊಳಗೆ ಉಜ್ಜಿದ ಪಟ್ಟಿ ನಡುವಿನಲ್ಲಿ ಕಾಣಬಹುದು. ಏನಕ್ಕಾದರೂ ತಾಗಿದ್ದರೆ ಚಪ್ಪಟೆಯಾಗಿರುತ್ತದೆ, ಕೆಲವೊಮ್ಮೆ ಅಣಬೆಯಂತೆ ಅರಳಿರುತ್ತದೆ. ಕೈಜಾರಿದ ಗುಂಡುಗಳು ಗುಂಪಾಗಿ ಸಿಕ್ಕರೆ, ಸೈನಿಕರು ನಿಂತು ನಡುಗುವ ಕೈಗಳಿಂದ ಕೋವಿ ತುಂಬುತ್ತಿದ್ದ ಜಾಗ ಅದಾಗಿರಬಹುದು. ಹಾರಿದ ಗುಂಡುಗಳು ಎದುರಾಳಿಗಳು ನಿಂತ ಸಾಲಿನಲ್ಲೂ ಅದರ ಹಿಂದೆ ನೂರಾರು ಮೀಟರ್‌ವರೆಗೂ ಚೆಲ್ಲಿರುತ್ತವೆ, ಏಕೆಂದರೆ ಆ ಕಾಲದ, ಒಳಗೆ ಸುರುಳಿಗೆರೆಯಿಲ್ಲದ ನಯವಾದ ನಳಿಗೆಯ ಕೋವಿಯಿಂದ 100 ಮೀಟರ್ ಆಚೆಗಿನ ಮನುಷ್ಯನಿಗೆ ಗುರಿಯಿಟ್ಟು ಹೊಡೆಯುವುದು ಕಷ್ಟವಾಗಿತ್ತು. ಗುರಿ ತಪ್ಪಿದ್ದೇ ಹೆಚ್ಚು. ಹೀಗೆ ಎರಡು ಜಾತಿಯ ಗುಂಡುಗಳನ್ನು ಎರಡು ಬಣ್ಣದ ಚುಕ್ಕೆಗಳಾಗಿ ನಕ್ಷೆಯ ಮೇಲೆ ಇಡುತ್ತಾ ಹೋದರೆ ಒಂದು ದಿನ ಸೈನ್ಯದ ಸಾಲು ತಾನಾಗಿ ಮೂಡಿ ಬರುತ್ತದೆ. ಅದನ್ನು ಕಣ್ಣಾರೆ ಕಂಡವರು ಮತ್ತೆ ಡಬ್ಬಿಗೆ ಗುಂಡು ತುಂಬುವುದಿಲ್ಲ.

ಹಲ್ಲಿನ ಗುರುತಿರುವ ಗುಂಡು ಸಿಕ್ಕರೆ, ನೋವು ತಡೆಯಲು ಗಾಯಾಳು ಕಚ್ಚಿದ್ದು ಎಂದು ಕೂಡಲೇ ಬರೆದುಕೊಳ್ಳಬೇಡಿ. ಅಂಥ ಅನೇಕ ಗುಂಡುಗಳನ್ನು ಅಗಿದದ್ದು ಹೊಲ ಕೆದಕುವ ಹಂದಿಗಳು.

ಇನ್ನು ತೂಕ. ಅಡುಗೆಮನೆಯ ತಕ್ಕಡಿ ಸಾಲದು, ಗ್ರಾಮಿನ ಹತ್ತನೇ ಒಂದು ಭಾಗವನ್ನು ತೋರಿಸುವ ಚಿಕ್ಕ ತಕ್ಕಡಿ ಬೇಕು. ಗುಂಡು ಎಷ್ಟೇ ಚಪ್ಪಟೆಯಾಗಿದ್ದರೂ ಚೂರು ಹಾರಿಹೋಗದಿದ್ದರೆ ತೂಕ ಬದಲಾಗುವುದಿಲ್ಲ. ತೂಕದಿಂದ ಅದರ ಮೂಲ ವ್ಯಾಸ ತಿಳಿಯುತ್ತದೆ. ಗ್ರಾಮಿನಲ್ಲಿರುವ ತೂಕದ ಘನಮೂಲ ತೆಗೆದು 5.52ರಿಂದ ಗುಣಿಸಿ, ಮಿಲಿಮೀಟರಿನಲ್ಲಿ ವ್ಯಾಸ ಸಿಗುತ್ತದೆ. 27 ಗ್ರಾಮಿನ ಘನಮೂಲ 3; ವ್ಯಾಸ ಸುಮಾರು 16.6 ಮಿಲಿಮೀಟರ್. ಇದು ಫ್ರೆಂಚ್ ಕಾಲಾಳಿನ ಕೋವಿಯ ಗುಂಡಿಗೆ ಹತ್ತಿರದ ಅಳತೆ. ಬ್ರಿಟಿಷರ ಬ್ರೌನ್ ಬೆಸ್ ಕೋವಿಯ ಗುಂಡು ಸುಮಾರು 17.5 ಮಿಲಿಮೀಟರ್, 32 ಗ್ರಾಮಿನ ಆಸುಪಾಸು. ಎರಡು ಸೈನ್ಯಗಳ ಕೋವಿಗಳು ಬೇರೆ ಬೇರೆಯಾಗಿದ್ದ ಯುದ್ಧವಾದರೆ, ಯಾವ ಗುಂಡು ಯಾರದ್ದು ಎಂದು ಬೇರ್ಪಡಿಸಲು ಈ ಸಣ್ಣ ಲೆಕ್ಕವೇ ದಾರಿ. ಒಂದೆರಡು ಗುಂಡಿನಿಂದ ತೀರ್ಮಾನಕ್ಕೆ ಬರಬಾರದು. ಕೋವಿಗಳು ಕೈಬದಲಾಗುತ್ತಿದ್ದವು, ಅಚ್ಚುಗಳೂ ಸವೆಯುತ್ತಿದ್ದವು. ಸಣ್ಣ ಗುಂಡು ಪಿಸ್ತೂಲಿನದ್ದೋ ಕುದುರೆ ಸವಾರನ ಗಿಡ್ಡ ಕೋವಿಯದ್ದೋ ಇರಬಹುದು, ನಂತರದ ಕಾಲದ ಬೇಟೆಗಾರನದ್ದೂ ಇರಬಹುದು.

ನಿಮ್ಮ ಮೊದಲ ಪ್ರಶ್ನೆ ಆಳದ್ದು. ಲೋಹಶೋಧಕದ ಸುರುಳಿಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ನೆಲದೊಳಗೆ ಕಾಂತಕ್ಷೇತ್ರವನ್ನು ಕಳುಹಿಸುತ್ತದೆ. ಆ ಕ್ಷೇತ್ರ ಲೋಹದಲ್ಲಿ ಸುಳಿವಿದ್ಯುತ್ತನ್ನು ಎಬ್ಬಿಸುತ್ತದೆ, ಅದರಿಂದ ಹುಟ್ಟುವ ಪುಟ್ಟ ಕಾಂತಕ್ಷೇತ್ರವನ್ನು ಇನ್ನೊಂದು ಸುರುಳಿ ಹಿಡಿಯುತ್ತದೆ. ಗುಂಡಿನಂಥ ಸಣ್ಣ ವಸ್ತುವಿನ ವಿಷಯದಲ್ಲಿ, ದೂರ ಹೆಚ್ಚಿದಂತೆ ಕಾಂತಕ್ಷೇತ್ರದ ಬಲ ಹೋಗುವಾಗ ದೂರದ ಘನದ ಪ್ರಮಾಣದಲ್ಲಿ ಕುಂದುತ್ತದೆ, ಬರುವಾಗ ಮತ್ತೆ ಅದೇ ಪ್ರಮಾಣದಲ್ಲಿ ಕುಂದುತ್ತದೆ. ಆಳ ಎರಡರಷ್ಟಾದರೆ ಮರಳಿ ಬರುವ ಸುಳಿವು 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಯಾವ ಕಂಪನಿಯ ಯಾವ ಯಂತ್ರವೂ ಈ ನಿಯಮವನ್ನು ಮೀರಲಾರದು. ನಾಲ್ಕು ಪಟ್ಟು ಹಣ ಕೊಟ್ಟರೆ ನಿಮಗೆ ಸಿಗುವುದು ಕೆಲವು ಸೆಂಟಿಮೀಟರ್ ಮಾತ್ರ. ಅದರ ಅಗತ್ಯವೂ ನಿಮಗಿಲ್ಲ. ಉಳುವ ಹೊಲದಲ್ಲಿ ಯುದ್ಧದ ಅವಶೇಷಗಳು ಹೆಚ್ಚಾಗಿ ನೇಗಿಲು ತಿರುವಿಹಾಕುವ ಮೇಲಿನ 25–30 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತವೆ, ಅದರ ಬಹುಪಾಲು ನಿಮ್ಮ ಯಂತ್ರದ ಎಟುಕಿನಲ್ಲಿದೆ. ನೇಗಿಲಿನ ತಳಕ್ಕಿಂತ ಕೆಳಗೆ, ಮಣ್ಣು ಕದಡದ ಪದರದಲ್ಲಿ ಸದ್ದು ಬಂದರೆ ಅಗೆಯುವ ಅಧಿಕಾರ ಪುರಾತತ್ತ್ವಜ್ಞರದ್ದು. ಅಲ್ಲಿ ಪದರವೇ ಸಾಕ್ಷ್ಯ, ಒಂದು ಗುದ್ದಲಿಯೇಟು ಅದನ್ನು ಕೆಡಿಸಿಬಿಡುತ್ತದೆ.

ಆಳವನ್ನು ಕಳೆದುಕೊಳ್ಳುವುದು ಯಂತ್ರದಿಂದಲ್ಲ, ಕೈಯಿಂದ. ಸುರುಳಿಯನ್ನು ಗಡಿಯಾರದ ಲೋಲಕದಂತೆ ಬೀಸುತ್ತಾ ಎರಡೂ ತುದಿಯಲ್ಲಿ ಮೇಲೆತ್ತುವವರನ್ನು ನಾನು ಎಷ್ಟೋ ಕಂಡಿದ್ದೇನೆ. ಸುರುಳಿ ನೆಲಕ್ಕೆ ಸಮಾನಾಂತರವಾಗಿ, ಬಹುತೇಕ ತಾಗುವಂತೆ ಸರಿಯಬೇಕು. ಒಂದು ಬೀಸು ಇನ್ನೊಂದರ ಅರ್ಧವನ್ನು ಮುಚ್ಚಬೇಕು. ಕಿವಿಗೆ ಹೆಡ್‌ಫೋನ್ ಹಾಕಿ, ಕ್ಷೀಣ ಸದ್ದುಗಳು ಅದರಲ್ಲಿ ಮಾತ್ರ ಕೇಳುತ್ತವೆ. ನಿಮ್ಮ ಅಂಗಳದಲ್ಲಿ ಮೀನು ಹಿಡಿಯುವ ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು 10, 15, 20 ಸೆಂಟಿಮೀಟರ್ ಆಳದಲ್ಲಿ ಹೂತು, ಪಕ್ಕದಲ್ಲೊಂದು ಮೊಳೆ ಹೂತು, ವಾರಗಟ್ಟಲೆ ಕೇಳಿಸಿಕೊಳ್ಳಿ. ಅಂಥ ಕಿವಿ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಎರಡನೆಯದು ಕಬ್ಬಿಣದ ಸದ್ದು. ಅದನ್ನು ಅಡಗಿಸಲು ಯಂತ್ರದ ಮೇಲಿರುವ ಒತ್ತುಗುಂಡಿ ನಾಣ್ಯ ಹುಡುಕುವವರಿಗಾಗಿ ಮಾಡಿದ್ದು. ರಣಭೂಮಿಯಲ್ಲಿ ಅದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡಂತೆ. ಫಿರಂಗಿ ಗುಂಡು, ಫಿರಂಗಿಯಿಂದ ಗೊಂಚಲಾಗಿ ಹಾರುತ್ತಿದ್ದ ಚಿಕ್ಕ ಗುಂಡುಗಳು, ಸಿಡಿದ ಚೂರುಗಳು, ಕುದುರೆಯ ಲಾಳ, ಬಾಣದ ಮೊನೆ, ಎಲ್ಲವೂ ಕಬ್ಬಿಣವೇ. 1461ರಲ್ಲಿ ಯುದ್ಧ ನಡೆದ ಇಂಗ್ಲೆಂಡಿನ ಟೌಟನ್ ಬಯಲಿನಲ್ಲಿ ಬಾಣದ ಮೊನೆಗಳು ದೊಡ್ಡ ಸಂಖ್ಯೆಯಲ್ಲಿ ಕಂಡದ್ದು ಕಬ್ಬಿಣದ ಸದ್ದನ್ನು ತಾಳ್ಮೆಯಿಂದ ಕೇಳಿಸಿಕೊಂಡವರಿಗೆ. ಇನ್ನೊಂದು ಅಪಾಯವೂ ಇದೆ: ಮೊಳೆಯ ಪಕ್ಕದಲ್ಲಿ ಬಿದ್ದ ಸೀಸದ ಗುಂಡಿನ ಸದ್ದನ್ನು ಯಂತ್ರ ಮೊಳೆಯ ಜೊತೆಗೇ ನುಂಗಿಬಿಡುತ್ತದೆ. ಹಾಗಾಗಿ ಎಲ್ಲ ಲೋಹಗಳೂ ಕೇಳುವಂತೆ ಇಡಿ. ತಲೆ ಚಿಟ್ಟು ಹಿಡಿದರೆ ಚಿಕ್ಕ ಸುರುಳಿ ಹಾಕಿ ನಿಧಾನವಾಗಿ ನಡೆಯಿರಿ, ಗಂಟೆಗೊಮ್ಮೆ ಕುಳಿತುಕೊಳ್ಳಿ. ಡಬ್ಬಿಯ ಮುಚ್ಚಳಗಳಿಂದ ಪಾರಾಗುವ ಉಪಾಯ ನನಗೂ ಗೊತ್ತಿಲ್ಲ. ಅಲ್ಯೂಮಿನಿಯಂ ಚೂರುಗಳೂ ಸೀಸದ ಗುಂಡೂ ಯಂತ್ರದ ಪರದೆಯಲ್ಲಿ ಒಂದೇ ಆಸುಪಾಸಿನ ಅಂಕಿ ತೋರಿಸುತ್ತವೆ. ಎಲ್ಲವನ್ನೂ ತೆಗೆದು ನೋಡಲೇಬೇಕು.

ನಡೆಯುವ ಕ್ರಮ ಇದಕ್ಕಿಂತಲೂ ಮುಖ್ಯ. ಮನಸ್ಸಿಗೆ ಬಂದ ಕಡೆ ತಿರುಗಿದರೆ ಏನೂ ಸಿಗದ ಜಾಗಕ್ಕೂ ನೀವು ಹೋಗದ ಜಾಗಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಗುಂಡು ಇಲ್ಲದಿರುವುದೂ ಒಂದು ಸಾಕ್ಷ್ಯ ಎಂಬುದನ್ನು ಹೊಸಬರು ಮರೆಯುತ್ತಾರೆ. ಹೊಲದ ಒಂದು ಅಂಚಿನಿಂದ ಇನ್ನೊಂದಕ್ಕೆ, 10 ಮೀಟರ್ ಅಂತರದಲ್ಲಿ ಹಗ್ಗ ಅಥವಾ ಕಡ್ಡಿ ನೆಟ್ಟು ನೇರ ಸಾಲು ಹಿಡಿಯಿರಿ. ಸುಳಿವು ದಟ್ಟವಾಗಿರುವ ಕಡೆ ಅಂತರವನ್ನು 2.5 ಮೀಟರಿಗೆ ಇಳಿಸಿ. ಸಿಕ್ಕ ಪ್ರತಿ ವಸ್ತುವಿಗೂ ಪ್ರತ್ಯೇಕ ಪುಟ್ಟ ಚೀಲ, ಚೀಲದ ಮೇಲೆ ಸಂಖ್ಯೆ, ಪುಸ್ತಕದಲ್ಲಿ ಅದೇ ಸಂಖ್ಯೆಯ ಎದುರು ಸ್ಥಾನ, ಆಳ, ದಿನ. ಮೊಬೈಲಿನ ಸ್ಥಾನಸೂಚಕ ಹಲವು ಮೀಟರ್ ತಪ್ಪಬಹುದು, ಆದರೂ ಏನೂ ಇಲ್ಲದಿರುವುದಕ್ಕಿಂತ ಅದು ಸಾವಿರ ಪಾಲು ಮೇಲು. ಜೊತೆಗೆ ಹೊಲದ ಎರಡು ಮೂಲೆಗಳಿಂದ ಟೇಪು ಹಿಡಿದು ಅಳೆದರೆ ಅಳತೆ ಇನ್ನೂ ಗಟ್ಟಿಯಾಗುತ್ತದೆ. ನಡೆದ ಸಾಲುಗಳನ್ನೂ, ಬರಿಗೈಯಲ್ಲಿ ಮರಳಿದ ಸಾಲುಗಳನ್ನೂ ನಕ್ಷೆಯಲ್ಲಿ ತುಂಬಿ.

ಮೂರನೆಯ ಪ್ರಶ್ನೆಯ ಬಿಳಿ ಪದರ ಕೊಳೆಯಲ್ಲ. ಸೀಸವು ಮಣ್ಣಿನೊಳಗಿನ ತೇವ, ಗಾಳಿಗಳೊಡನೆ ಕೂಡಿ ಆದ ಕಾರ್ಬೊನೇಟ್ ಅದು. ಒಳಗಿನ ಲೋಹವನ್ನು ಇಷ್ಟು ಕಾಲ ಕಾಪಾಡಿದ್ದೂ ಅದೇ, ಗುಂಡನ್ನು ನಳಿಗೆಯೊಳಗೆ ತಳ್ಳುವ ಸಲಾಕೆಯ ತುದಿ ಒತ್ತಿದ ಗುರುತು ಅಥವಾ ಬಟ್ಟೆಯ ನೇಯ್ಗೆಯ ಅಚ್ಚು ಉಳಿದಿದ್ದರೆ ಇರುವುದೂ ಅದರಲ್ಲೇ. ಮೆದು ಕುಂಚದಿಂದ ಸಡಿಲ ಮಣ್ಣನ್ನು ಮಾತ್ರ ಸರಿಸಿ. ವಿನೆಗರ್, ನಿಂಬೆರಸ, ತಂತಿಯ ಬ್ರಷ್ ಹತ್ತಿರವೂ ಸುಳಿಯಬಾರದು. ಮರದ ಪೆಟ್ಟಿಗೆಯಲ್ಲಿ, ಅದರಲ್ಲೂ ಓಕ್ ಮರದ್ದರಲ್ಲಿ ಇಡಬೇಡಿ. ಮರ ಬಿಡುವ ಆಮ್ಲದ ಆವಿ ಸೀಸವನ್ನು ಮೆಲ್ಲಗೆ ಪುಡಿ ಮಾಡುತ್ತದೆ. ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ, ಸೀಸ ವಿಷ. ಕಬ್ಬಿಣದ ವಸ್ತು ಮಣ್ಣಿನಿಂದ ಹೊರಬಂದ ಕೂಡಲೇ ಬೇಗ ಬೇಗ ತುಕ್ಕು ಹಿಡಿಯತೊಡಗುತ್ತದೆ. ಅದನ್ನು ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಸಂರಕ್ಷಣಾ ತಜ್ಞರಿಗೆ ತೋರಿಸುವುದು ಒಳ್ಳೆಯದು.

ನೀವು ಕೇಳದಿದ್ದರೂ ಹೇಳಲೇಬೇಕಾದ ಒಂದು ವಿಷಯವಿದೆ. ಟೊಳ್ಳಾದ ಕಬ್ಬಿಣದ ಗೋಲ, ತೂತಿರುವ ಗೋಲ, ಮೊನಚಾದ ಉರುಳೆ, ರೆಕ್ಕೆಗಳಿರುವ ಏನೇ ಆಗಲಿ ಕಂಡರೆ ಅಲ್ಲಿಗೇ ನಿಲ್ಲಿ. ಎತ್ತಬೇಡಿ, ತಟ್ಟಬೇಡಿ, ನೀರು ಸುರಿಯಬೇಡಿ. ಗುರುತು ಇಟ್ಟು, ಬಂದ ದಾರಿಯಲ್ಲೇ ಹಿಂದಕ್ಕೆ ನಡೆದು ಪೊಲೀಸರಿಗೆ ತಿಳಿಸಿ. ಹಳೆಯದಾದರೆ ಮದ್ದು ಸತ್ತಿರುತ್ತದೆ ಎಂಬುದು ಪ್ರಾಣ ತೆಗೆಯುವ ತಪ್ಪು ತಿಳಿವಳಿಕೆ. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ, ಅಂತರ್ಯುದ್ಧದ ಕಾಲದ ಫಿರಂಗಿ ಗುಂಡುಗಳಲ್ಲಿ ವರ್ಷಗಳ ಅನುಭವವಿದ್ದ ಸಂಗ್ರಾಹಕರೊಬ್ಬರು ತಮ್ಮ ಮನೆಯಂಗಳದಲ್ಲೇ, ಸುಮಾರು 140 ವರ್ಷ ಹಳೆಯ ಗುಂಡು ಸಿಡಿದು ಸತ್ತರು. ಮೊದಲ ಮಹಾಯುದ್ಧದ ಸಿಡಿಗುಂಡುಗಳು ಬೆಲ್ಜಿಯಂ ಮತ್ತು ಉತ್ತರ ಫ್ರಾನ್ಸಿನ ಹೊಲಗಳಲ್ಲಿ ಇಂದಿಗೂ ಪ್ರತಿವರ್ಷ ಉಳುವಾಗ ಮೇಲೆ ಬರುತ್ತವೆ. ಅಲ್ಲಿನವರು ಅದನ್ನು ಕಬ್ಬಿಣದ ಸುಗ್ಗಿ ಎಂದು ಕರೆಯುತ್ತಾರೆ. ಅವುಗಳಲ್ಲಿ ಕೆಲವುಗಳ ಹೊಟ್ಟೆಯಲ್ಲಿ ವಿಷಾನಿಲವಿದೆ. ಇಪ್ಪತ್ತನೆಯ ಶತಮಾನದ ರಣಭೂಮಿಗಳಿಗೆ ಹವ್ಯಾಸಿಗಳು ಕಾಲಿಡಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮೂಳೆ ಕಂಡರೂ ಇದೇ ಕ್ರಮ: ಕೈ ಹಿಂದೆಗೆದು, ಮಣ್ಣು ಮುಚ್ಚಿ, ತಿಳಿಸಬೇಕಾದವರಿಗೆ ತಿಳಿಸಿ. ಆತ ಯಾರದೋ ಮಗ.

ಮಾಲೀಕರ ಒಪ್ಪಿಗೆ ಪತ್ರ ಒಳ್ಳೆಯದೇ, ಆದರೆ ಎಲ್ಲೆಡೆ ಅದೊಂದೇ ಸಾಲದು. ಫ್ರಾನ್ಸಿನಲ್ಲಿ ಪ್ರಾಚೀನ ವಸ್ತು ಹುಡುಕಲು ಸರ್ಕಾರಿ ಅನುಮತಿಯೂ ಬೇಕು. ಐರ್ಲೆಂಡಿನಲ್ಲಿ ಅನುಮತಿಯಿಲ್ಲದೆ ಶೋಧಕ ಹಿಡಿದು ಪ್ರಾಚೀನ ವಸ್ತು ಹುಡುಕುವುದೇ ಅಪರಾಧ. ಅಮೆರಿಕದಲ್ಲಿ 1979ರ ಕಾಯಿದೆ ಒಕ್ಕೂಟ ಸರ್ಕಾರದ ನೆಲದಲ್ಲಿರುವ ನೂರು ವರ್ಷ ಮೀರಿದ ಪುರಾತತ್ತ್ವ ವಸ್ತುಗಳನ್ನು ಅನುಮತಿಯಿಲ್ಲದೆ ತೆಗೆಯುವುದನ್ನು ತಡೆಯುತ್ತದೆ. ಇಂಗ್ಲೆಂಡಿನಲ್ಲಿ ಸಂರಕ್ಷಿತ ಸ್ಮಾರಕದ ನೆಲವನ್ನು ಬಿಟ್ಟರೆ ಮಾಲೀಕರ ಒಪ್ಪಿಗೆಯಿಂದ ಹುಡುಕಬಹುದು. ಸಿಕ್ಕದ್ದನ್ನು ದಾಖಲಿಸಲು 1997ರಿಂದ ಅಲ್ಲಿ ಸಾರ್ವಜನಿಕ ಯೋಜನೆಯೇ ಇದೆ. ನಿಮ್ಮ ಹೊಲಕ್ಕೆ ಯಾವ ನಿಯಮ ಅನ್ವಯವಾಗುತ್ತದೆ ಎಂಬುದನ್ನು ಅಲ್ಲಿನ ಪುರಾತತ್ತ್ವ ಇಲಾಖೆಯಿಂದ ಬರಹದಲ್ಲಿ ಪಡೆಯುವವರೆಗೆ ಮತ್ತೆ ಅಗೆಯಬೇಡಿ. ಅಧಿಕಾರಿಗಳ ಬಾಗಿಲು ತಟ್ಟಲು ಹವ್ಯಾಸಿಗಳು ಹಿಂಜರಿಯುತ್ತಾರೆ. 1987ರಲ್ಲಿ ಜರ್ಮನಿಯ ಕಾಲ್ಕ್ರೀಸೆ ಬಳಿ ಹುಡುಕಲು ಹೊರಟ ಟೋನಿ ಕ್ಲನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಹಿಂಜರಿಯಲಿಲ್ಲ; ಮೊದಲು ಅಲ್ಲಿನ ಪುರಾತತ್ತ್ವಜ್ಞರನ್ನು ಕಂಡು, ಸಿಕ್ಕ ರೋಮನ್ ನಾಣ್ಯಗಳನ್ನೂ ಕವಣೆಯ ಸೀಸದ ಗುಂಡುಗಳನ್ನೂ ಸ್ಥಾನಸಮೇತ ಅವರ ಮುಂದಿಟ್ಟರು. ಕ್ರಿ.ಶ. 9ರಲ್ಲಿ ಮೂರು ರೋಮನ್ ಪಡೆಗಳು ನಾಶವಾದ ಕಾಳಗದ ನೆಲ ಅದೇ ಎಂದು ಇಂದು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ.

ಈಗ ಮಾಡಬೇಕಾದ ಕೆಲಸ ಒಂದಿದೆ, ತಡ ಮಾಡಬೇಡಿ. ನೀವು ಮುಚ್ಚಿದ ಗುಂಡಿಗಳ ಹಸಿ ಮಣ್ಣು ಇನ್ನೂ ಕಾಣುತ್ತಿರಬಹುದು. ಮಳೆ ಬರುವ ಮೊದಲು, ನೇಗಿಲು ಹೂಡುವ ಮೊದಲು, ಯಂತ್ರವನ್ನು ಮನೆಯಲ್ಲೇ ಬಿಟ್ಟು ಮೂರು ಕಡ್ಡಿ ಮತ್ತು ಅಳತೆ ಟೇಪು ಹಿಡಿದು ಹೊಲಕ್ಕೆ ಹೋಗಿ. ನೆನಪಿರುವಷ್ಟು ನಿಖರವಾಗಿ ಮೂರೂ ಜಾಗಗಳನ್ನು ಗುರುತಿಸಿ ಅಳೆದು ಬರೆದುಕೊಳ್ಳಿ. ಅನುಮಾನವಿದ್ದರೆ ಎಷ್ಟು ಮೀಟರಿನ ಅನುಮಾನ ಎಂಬುದನ್ನೂ ಬರೆಯಿರಿ. ಗುಂಡುಗಳನ್ನು ತೂಗಿ. ಮೂರು ತೂಕ, ಮೂರು ಸ್ಥಾನ, ಹಾರಿದ್ದೋ ಕೈಜಾರಿದ್ದೋ ಎಂಬ ನಿಮ್ಮ ಅಂದಾಜು, ಹೊಲದ ಏರಿಳಿತದ ಒಂದು ಒರಟು ಚಿತ್ರ, ಇಷ್ಟನ್ನು ಕಳುಹಿಸಿದರೆ ಮುಂದಿನ ಸಾಲನ್ನು ಎಲ್ಲಿಂದ ಹಿಡಿಯಬೇಕೆಂದು ಕೂಡಿ ಯೋಚಿಸೋಣ.